ಐದು ಬಟ್ಟಲು, ಒಂದು ಬಕೆಟ್ಟು

ಅವನ ಹೊಟ್ಟೆಪಾಡು ನಿಂತಿದ್ದೇ ನಾಲಗೆಯ ಮೇಲೆ. ಇಪ್ಪತ್ತಾರು ವರ್ಷಗಳಿಂದ ಚಹಾ ಕಂಪನಿಯೊಂದರಲ್ಲಿ ರುಚಿ ನೋಡುವುದು ಅವನ ಕೆಲಸ. ಉದ್ದನೆಯ ಬಿಳಿ ಮೇಜಿನ ಮೇಲೆ ನಂಬರು ಹಚ್ಚಿದ ಬಟ್ಟಲುಗಳು ಸಾಲಾಗಿ ನಿಂತಿರುತ್ತವೆ. ಯಾವ ಬಟ್ಟಲಿನಲ್ಲಿ ಯಾವ ತೋಟದ ಎಲೆ ಎಂಬುದು ಅವನಿಗೆ ಗೊತ್ತಿರಕೂಡದು. ಚಮಚದಲ್ಲಿ ಎತ್ತಿ, ಸುರ್ರ್ ಎಂದು ಇಡೀ ಕೋಣೆಗೆ ಕೇಳುವಂತೆ ಹೀರಿ, ಬಾಯಲ್ಲೆಲ್ಲ ಆಡಿಸಿ, ಕಾಲ ಬಳಿಯ ಬಕೆಟ್ಟಿಗೆ ಉಗುಳಿ, ಮುಂದಿನ ಬಟ್ಟಲಿಗೆ ಹೋಗಬೇಕು. ಸದ್ದು ಜೋರಾದಷ್ಟೂ ಗಾಳಿ ಸೇರಿ ರುಚಿ ಬಿಚ್ಚಿಕೊಳ್ಳುತ್ತದೆ ಎಂಬುದು ಆ ಕಸುಬಿನವರ ನಂಬಿಕೆ. ಅವನ ಸುರ್ರ್ ದಿನವೂ ಎಷ್ಟು ಕರಾರುವಾಕ್ಕಾಗಿ ಶುರುವಾಗುತ್ತಿತ್ತೆಂದರೆ ಪಕ್ಕದ ಕೋಣೆಯವರು ಅದನ್ನು ಕೇಳಿಯೇ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಆಫೀಸಿನಲ್ಲಿ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತೇ ಹೋಗಿ ರುಚಿಗಾರ ಎನ್ನುವುದೊಂದೇ ಉಳಿದಿತ್ತು.

ಮನೆಯಲ್ಲಿ ಮಾತ್ರ ಆ ಸದ್ದಿಗೆ ಪ್ರವೇಶವಿರಲಿಲ್ಲ. ಹೆಂಡತಿ ಲೈಬ್ರೇರಿಯನ್. ಪುಟ ಮಗುಚುವ ಸದ್ದಿಗೂ ಕನ್ನಡಕದ ಮೇಲಿಂದ ಒಂದು ನೋಟ ಬಿಡುವವಳು. ಮದುವೆಯಾದ ಮೊದಲ ವಾರ ಅವನು ಸೂಪನ್ನು ತನ್ನ ಕಸುಬಿನ ರೀತಿಯಲ್ಲಿ ಹೀರಿದಾಗ, ಆಫೀಸಿನ ಸದ್ದು ಆಫೀಸಿನಲ್ಲೇ ಇರಲಿ ಎಂದು ಒಂದೇ ಮಾತು ಹೇಳಿದ್ದಳು. ಅವತ್ತಿನಿಂದ ನಾಡಿನ ಅತ್ಯುತ್ತಮ ಸುರ್ರ್‌ಗಳಲ್ಲಿ ಒಂದು ಅಡುಗೆಮನೆಯ ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು, ಕದ್ದು ಕುಡಿಯುವವನ ಹಾಗೆ ಚಹಾ ಕುಡಿಯುತ್ತ ಬಂದಿತ್ತು.

ಇಂಥ ಮನೆಗೆ ಅವನು ಒಂದು ಶನಿವಾರ ಸಂಜೆ ಚಹಾ ಸ್ಯಾಂಪಲ್ಲಿನ ರಟ್ಟಿನ ಡಬ್ಬಿಯಲ್ಲಿ ನಾಯಿಮರಿಯೊಂದನ್ನು ಹೊತ್ತು ತಂದ. ಕಂಪನಿಯ ಗೇಟಿನ ಕಾವಲುಗಾರ ಸಾಕಿದ ನಾಯಿ ಆರು ಮರಿ ಹಾಕಿತ್ತು. ಐದಕ್ಕೆ ಮನೆ ಸಿಕ್ಕಿತ್ತು. ಆರನೆಯದು ಲಾರಿಗಳ ಚಕ್ರದ ನಡುವೆ ಓಡಾಡುತ್ತಿದ್ದುದನ್ನು ಕಂಡು ರುಚಿಗಾರನಿಗೆ ಜೀವ ಹಾರಿಹೋಗಿತ್ತು. ಚಹಾಪುಡಿಯ ಬಣ್ಣ, ಅಂಗೈ ಅಗಲದ ಹೊಟ್ಟೆ. ದಾರಿಯಲ್ಲೇ ಅವನು ಅದಕ್ಕೆ ಚಿಟಿಕೆ ಎಂದು ಹೆಸರಿಟ್ಟ. ಹೆಸರಿಟ್ಟ ಮೇಲೆ ಮನುಷ್ಯನ ಕಥೆ ಮುಗಿದ ಹಾಗೆಯೇ.

ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಮರಿ ನೋಡಿದ ಕೂಡಲೇ ಇಪ್ಪತ್ತು ವರ್ಷ ಇಳಿದಂತಾಯಿತು. ಆಕೆ ಈ ಮನೆಯಲ್ಲೇ ಇರುವವರು, ಎರಡೂ ಮಂಡಿಗೆ ಆಪರೇಷನ್ ಆದವರು, ಬಾಗುವುದು ಬಿಟ್ಟು ಮಿಕ್ಕೆಲ್ಲ ಮಾಡುವವರು. ಹೆಂಡತಿ ಮಾತ್ರ ಪುಸ್ತಕ ಮಡಚಿಟ್ಟಳು. ಚಿಟಿಕೆ ಊಟವನ್ನೇ ಮಾಡಲಿಲ್ಲ. ಅನ್ನ ಇಟ್ಟರೆ ಮೂಸಿತು, ಮೊಟ್ಟೆ ಇಟ್ಟರೆ ನೆಕ್ಕಿತು, ಎರಡು ತುತ್ತು ತಿಂದಂತೆ ಮಾಡಿ ಹೋಗಿ ಚಪ್ಪಲಿಯ ಮೇಲೆ ತಲೆಯಿಟ್ಟು ಕುಂಯ್ಗುಟ್ಟಿತು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಜಗಳವೋ ಉಣ್ಣದೆ ಮಲಗುವವರ ಬಗ್ಗೆ ಆದ್ದರಿಂದ ಭಾನುವಾರ ಬೆಳಗಿನವರೆಗೂ ನಡೆಯಿತು.

"ನನಗೆ ನಾಯಿ ಕಂಡ್ರೆ ಆಗಲ್ಲ ಅಂತಲ್ಲ ರೀ," ಎಂದಳು ಹೆಂಡತಿ. "ಹಸಿದಿರೋ ಮರಿ ಮುಖ ನೋಡ್ತಾ ಕೂರೋಕೆ ನನ್ನಿಂದ ಆಗಲ್ಲ. ಮುಂದಿನ ಭಾನುವಾರದೊಳಗೆ ಅದು ಹೊಟ್ಟೆ ತುಂಬ ತಿನ್ನೋ ಹಾಗಾಗಬೇಕು. ಒಳ್ಳೇ ಆಹಾರ ಆಗಿರಬೇಕು, ಆದ್ರೆ ನಮ್ಮ ಹಾಲಿನ ಖರ್ಚಿಗಿಂತ ಹೆಚ್ಚಾಗಬಾರದು. ಇಲ್ಲಾಂದ್ರೆ ಅದರ ತಾಯಿ ಹತ್ರಾನೇ ಬಿಟ್ಟುಬಿಡಿ."

ತಾಯಿಯ ಹತ್ತಿರ ಎಂದರೆ ಗೇಟು, ಗೇಟು ಎಂದರೆ ಲಾರಿ. ರುಚಿಗಾರ ಮರಿಯನ್ನು ಎತ್ತಿಕೊಂಡ. ಒಂದು ವಾರ ಸಾಕು ಎಂದು ಎದೆಯುಬ್ಬಿಸಿ ಹೇಳಿಬಿಟ್ಟ.

ಸೋಮವಾರ ಸಾಕುಪ್ರಾಣಿಗಳ ಅಂಗಡಿಗೆ ಹೋದರೆ ಅವನ ಎದೆ ಇಳಿಯಿತು. ನೆಲದಿಂದ ಸೂರಿನವರೆಗೆ ಚೀಲಗಳು. ಒಂದರ ಮೇಲಿನ ನಾಯಿ ಬ್ಯಾಂಕ್ ಮ್ಯಾನೇಜರರಿಗಿಂತ ಗಂಭೀರವಾಗಿತ್ತು, ಇನ್ನೊಂದರದ್ದು ಹಲ್ಲು ಕಿರಿದು ಗುಡ್ಡ ಹತ್ತುತ್ತಿತ್ತು. ಎಲ್ಲವೂ ಶ್ರೇಷ್ಠ, ಎಲ್ಲವೂ ಅಪ್ಪಟ, ಎಲ್ಲವೂ ಪ್ರೀತಿಯಿಂದ ತಯಾರಾದವು. ಚಹಾ ಡಬ್ಬಿಗಳ ಮೇಲೆ ಇಂಥ ಮಾತುಗಳನ್ನು ಯಾರು ಬರೆಯುತ್ತಾರೆ, ಯಾವ ಮಧ್ಯಾಹ್ನ ಆಕಳಿಸುತ್ತ ಬರೆಯುತ್ತಾರೆ ಎಂಬುದನ್ನು ಕಣ್ಣಾರೆ ಕಂಡವನು ಅವನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಅಕ್ಷರಕ್ಕೆ ಬೆನ್ನು ತಿರುಗಿಸಿದ. ಇಲ್ಲೇ ನೋಡಿ ಅವನ ಕಸುಬು ಅವನ ತಲೆಗೇರಿದ್ದು. ನಾಲಗೆ ಇರುವಾಗ ಓದುವುದೇಕೆ ಎಂದುಕೊಂಡ. ನಾಲ್ಕು ಬಗೆಯ ಸಣ್ಣ ಪ್ಯಾಕೆಟ್ಟು ಕೊಂಡ. ಅಂಗಡಿಯಾತ ಖುಷಿಯಾಗಿ ಐದನೆಯದೊಂದನ್ನು ಪುಕ್ಕಟೆ ಚೀಲಕ್ಕೆ ಹಾಕಿದ.

ಆ ಸಂಜೆ ಅಡುಗೆಮನೆಯ ನೆಲವೇ ಆಫೀಸಾಯಿತು. ಅಳಿಯನನ್ನು ಆಚೆ ಕಳಿಸಿ ಅತ್ತೆ ಐದೂ ಬಗೆಯ ಕಾಳನ್ನು ಐದು ಬಟ್ಟಲಿಗೆ ಸುರಿದು, ಬಿಸಿನೀರು ಹಾಕಿ, ಒಂದರಿಂದ ಐದರವರೆಗೆ ಚೀಟಿ ಅಂಟಿಸಿ, ಪ್ಯಾಕೆಟ್ಟುಗಳನ್ನು ಬೀರುವಿನಲ್ಲಿ ಬಚ್ಚಿಟ್ಟು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ರುಚಿಗಾರ ಮಂಡಿಯೂರಿ, ಪಕ್ಕದಲ್ಲಿ ಗಿಡ್ಡ ಬಕೆಟ್ಟೊಂದನ್ನು ಇಟ್ಟುಕೊಂಡು, ಇಪ್ಪತ್ತೆರಡು ವರ್ಷಗಳ ನಿಷೇಧ ಮುರಿದು ಮೊದಲ ಸುರ್ರ್ ಹೊಡೆದ. ಪಾತ್ರೆಗಳು ಅದುರಿದವು. ಹೆಂಡತಿ ಹಜಾರದಿಂದ ಬಂದು ಬಾಗಿಲಲ್ಲಿ ನಿಂತಳು. ಗಂಡ ನಾಲ್ಕು ಕಾಲಿನ ಮೇಲೆ ನಿಂತು ನಾಯಿಯ ಊಟ ಹೀರಿ ಉಗುಳುತ್ತಿರುವುದನ್ನೂ, ತಾಯಿ ಸ್ಟೂಲಿನ ಮೇಲೆ ಕುಳಿತು ಅವನ ತೀರ್ಪನ್ನು ಬರೆದುಕೊಳ್ಳುತ್ತಿರುವುದನ್ನೂ ಕಂಡು ಬಂದ ಹಾಗೇ ಹೊರಟುಹೋದಳು.

ತೀರ್ಪು ಹೀಗಿತ್ತು. ಎರಡನೆಯದು ಹಳೇ ಗೋಣಿಚೀಲ. ಒಂದು ಮತ್ತು ಮೂರು ಪರವಾಗಿಲ್ಲ. ಐದು ಹೊಗೆ ಹಿಡಿದಿದೆ. ನಾಲ್ಕನೆಯದು ಮಾತ್ರ ಅದ್ಭುತ, ದುಂಡಗಿನ ರುಚಿ, ಕೊನೆಯಲ್ಲಿ ಸಮುದ್ರದ ಗಾಳಿ. ಅತ್ತೆ ಬೀರು ತೆಗೆದು ನಾಲ್ಕನೆಯ ಪ್ಯಾಕೆಟ್ಟು ತಂದು ಬೆಳಕಿಗೆ ಹಿಡಿದರು.

"ಅಳಿಯಂದ್ರೇ," ಎಂದರು ಮೆಲ್ಲಗೆ, "ಇದರ ಮೇಲೆ ಬೆಕ್ಕಿದೆ."

ಅಂಗಡಿಯಾತನ ಪುಕ್ಕಟೆ ಪ್ಯಾಕೆಟ್ಟು ಅದು. ಅತ್ತೆ ನಕ್ಕ ನಗೆಗೆ ಸ್ಟೂಲು ಓಲಾಡಿತು. ಅವನು ಅವಮಾನದಿಂದ ಕಿವಿಯವರೆಗೆ ಕೆಂಪಾಗಿ ಎದ್ದು ನೋಡುತ್ತಾನೆ, ಚಿಟಿಕೆ ಕಾಣಲಿಲ್ಲ. ಐದು ಬಟ್ಟಲನ್ನೂ ಅದು ಮೂಸಿರಲೂ ಇಲ್ಲ. ಬಕೆಟ್ಟಿನೊಳಗಿಂದ ಬಾಲವೊಂದು ಮೇಲಕ್ಕೆ ಬಂದು ಗಿರಗಿರ ತಿರುಗುತ್ತಿತ್ತು. ಅವನು ಉಗುಳಿದ್ದನ್ನೆಲ್ಲ ಅದು ಗುಳುಂ ಮಾಡಿ ತಳ ನೆಕ್ಕುತ್ತಿತ್ತು. ಮರಿ ತಿಂದಿತು ಎಂಬ ಸಂತೋಷಕ್ಕೆ ಅವನು ಅತ್ತೆಯ ಎರಡೂ ಕೈ ಹಿಡಿದು ಕುಣಿದ. ಆದರೆ ತಿಂದದ್ದು ಯಾವುದನ್ನು? ಐದನ್ನೂ, ಬೆಕ್ಕಿನದನ್ನೂ ಸೇರಿಸಿ, ಒಟ್ಟಿಗೆ.

ಅದರ ಫಲ ಮಂಗಳವಾರ ಬೆಳಿಗ್ಗೆ ಹೆಂಡತಿಯ ಕಾಲೊರೆಸುವ ಚಾಪೆಯ ಮೇಲೆ ತೆಳ್ಳಗೆ ಹರಡಿತ್ತು. ಅವಳು ಮೂಗು ಮುಚ್ಚಿಕೊಂಡಳು, ಚಾಪೆ ತೊಳೆದಳು, ರಜೆ ಹಾಕಿದಳು, ತಾನೇ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಡಾಕ್ಟರ ಬಳಿಗೆ ಹೊರಟಳು. ರುಚಿಗಾರ ಪ್ಯಾಕೆಟ್ಟುಗಳ ಚೀಲ ಹಿಡಿದು ತಪ್ಪು ಮಾಡಿದವನ ಹಾಗೆ ಹಿಂದೆ ನಡೆದ.

ಪ್ರಾಣಿವೈದ್ಯರು ವಯಸ್ಸಾದವರು, ಆತುರವಿಲ್ಲದವರು. ಬಟ್ಟಲು, ಬಕೆಟ್ಟಿನ ಕಥೆಯನ್ನೆಲ್ಲ ಕೇಳಿ, ಕಣ್ಣೊರೆಸಿಕೊಂಡು, ಹೊಟ್ಟೆ ಒತ್ತಿ ನೋಡಿ, ಗಾಬರಿ ಬೇಡ ಎಂದರು. ಐದು ಬಗೆ ಒಟ್ಟಿಗೆ ಹೋದರೆ ಯಾರ ಹೊಟ್ಟೆಯಾದರೂ ಕೆಡುತ್ತದಂತೆ. ಒಂದನ್ನೇ ಹಿಡಿಯಬೇಕು, ಬೆಚ್ಚಗಿನ ನೀರಲ್ಲಿ ನೆನೆಸಬೇಕು, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಮುಂದೆ ಯಾವತ್ತಾದರೂ ಬದಲಾಯಿಸಿದರೆ ಹಳೆಯದಕ್ಕೆ ಹೊಸದನ್ನು ಬೆರೆಸುತ್ತ ಒಂದು ವಾರ ತೆಗೆದುಕೊಳ್ಳಬೇಕು. ಯಾವುದನ್ನು ಹಿಡಿಯುವುದು ಎಂದು ರುಚಿಗಾರ ಕೇಳಿದ.

"ಪ್ಯಾಕೆಟ್ ಮುಂದುಗಡೆ ಇರೋದು ಬರೀ ಚಿತ್ರ," ಎಂದರು ಡಾಕ್ಟರು. "ಹಿಂದುಗಡೆ ಓದಿದೀರಾ?"

ಓದಿರಲಿಲ್ಲ. ಓದುವವಳು ಪಕ್ಕದಲ್ಲೇ ಇದ್ದಳು. ಸಣ್ಣಕ್ಷರ ಕಂಡರೆ ಅವಳ ಕೈ ತಾನೇ ಮುಂದೆ ಹೋಗುತ್ತದೆ. ಕನ್ನಡಕ ಏರಿಸಿ, ಮರಿಯನ್ನು ಮಡಿಲಲ್ಲಿಟ್ಟುಕೊಂಡು, ಬೆಂಚಿನ ಮೇಲೆ ಪ್ಯಾಕೆಟ್ಟುಗಳನ್ನು ಬೋರಲು ಹಾಕಿ ಓದತೊಡಗಿದಳು. ಗಂಭೀರ ನಾಯಿಯ ಚೀಲದಲ್ಲಿ ಮೊದಲ ಸ್ಥಾನ ಜೋಳಕ್ಕೆ, ಮಾಂಸಕ್ಕೆ ಆರನೆಯದು. ಗುಡ್ಡ ಹತ್ತುವ ನಾಯಿಯದು ದೊಡ್ಡ ನಾಯಿಗಳಿಗೆ ಮಾತ್ರ. ಹೊಗೆ ಹಿಡಿದಿದ್ದರಲ್ಲಿ ಯಾವ ಪ್ರಾಣಿಯ ಮಾಂಸ ಎಂಬುದನ್ನೇ ಹೇಳಿರಲಿಲ್ಲ. ಉಳಿದದ್ದು ಮಂಕು ಬಣ್ಣದ, ಚಿತ್ರವೇ ಇಲ್ಲದ ಒಂದು ಪ್ಯಾಕೆಟ್ಟು. ಬೆಳೆಯುವ ಮರಿಗಳಿಗೆ ಎಂದಿತ್ತು, ಪೂರ್ಣ ಆಹಾರ ಎಂದಿತ್ತು, ಪಟ್ಟಿಯ ಮೊದಲಲ್ಲೇ ಕೋಳಿಮಾಂಸ ಎಂದು ನೇರವಾಗಿ ಬರೆದಿತ್ತು. ಬೆಲೆಯಲ್ಲಿ ಕೆಳಗಿನಿಂದ ಎರಡನೆಯದು, ಹಾಲಿನ ಖರ್ಚಿಗಿಂತ ಎಷ್ಟೋ ಕಡಿಮೆ. ಡಾಕ್ಟರು ತಲೆಯಾಡಿಸಿದರು. ಅವನ ಪಟ್ಟಿಯಲ್ಲಿ ಅದು ಎರಡನೆಯ ಬಟ್ಟಲು, ಹಳೇ ಗೋಣಿಚೀಲ.

ಇನ್ನು ಬಟ್ಟಲು ಬಿಟ್ಟು ಬಕೆಟ್ಟಿನಲ್ಲಿ ಏಕೆ ತಿಂದಿತು ಎಂಬುದಕ್ಕೆ ಡಾಕ್ಟರ ವಿವರಣೆ ಸರಳವಾಗಿತ್ತು. ಆರು ಮರಿ ಒಂದೇ ತಟ್ಟೆಗೆ ಮೂತಿಯಿಟ್ಟು ಚಪ್ಪರಿಸುತ್ತ ಬೆಳೆದದ್ದು ಅದು. ಒಂಟಿ ತಟ್ಟೆ ಅದಕ್ಕೆ ಊಟವೇ ಅಲ್ಲ. ಪಕ್ಕದಲ್ಲಿ ಯಾರೋ ಬಾಗಿ ಸುರ್ರ್ ಎಂದಾಗ ಅಣ್ಣತಮ್ಮಂದಿರು ಬಂದರು ಎಂದುಕೊಂಡು, ಅವರ ಬಾಯಿಂದ ಬಿದ್ದದ್ದಕ್ಕೆ ತಾನೂ ಮೂತಿಯಿಟ್ಟಿದೆ. ಎರಡು ವಾರ ಜೊತೆ ಕೊಟ್ಟರೆ ಆಮೇಲೆ ತಾನೇ ಕಲಿಯುತ್ತದೆ ಎಂದರು.

ಹೆಂಡತಿ ದಾರಿಯುದ್ದಕ್ಕೂ ಯೋಚಿಸಿ ಮನೆಬಾಗಿಲಲ್ಲಿ ಪರವಾನಗಿ ಕೊಟ್ಟಳು. ಒಂದೊಂದು ಊಟಕ್ಕೆ ಐದು ನಿಮಿಷ, ಅಡುಗೆಮನೆಯ ಬಾಗಿಲು ಹಾಕಿಕೊಂಡು. ಭಾನುವಾರದ ಗಡುವು ಹಾಗೇ ಇತ್ತು. ಬುಧವಾರ, ಗುರುವಾರ, ಶುಕ್ರವಾರ ಆ ಮನೆಯಲ್ಲಿ ಹಬ್ಬವೋ ಹಬ್ಬ. ರುಚಿಗಾರ ಮಧ್ಯಾಹ್ನ ಆಫೀಸಿನಿಂದ ಓಡಿ ಬಂದು ಬಾಗುತ್ತಿದ್ದ. ಅವನು ಬಟ್ಟಲಿನ ನೀರು ಹೀರಿದರೆ ಚಿಟಿಕೆ ಗೋಣಿಚೀಲ ತಿನ್ನುತ್ತಿತ್ತು, ಇಬ್ಬರ ಮೂತಿಯೂ ಒದ್ದೆ. ಮರಿಯ ಹೊಟ್ಟೆ ತಮಟೆಯಾಯಿತು. ಅವನಂತೂ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದನೋ ಆ ಸಂತೋಷವನ್ನು, ರಸ್ತೆಯಲ್ಲಿ ಒಬ್ಬನೇ ನಗುತ್ತ ನಡೆಯುತ್ತಿದ್ದ.

ಶನಿವಾರ ಬೆಳಿಗ್ಗೆ ಕಂಪನಿ ಅವನನ್ನು ಬೇರೆ ಊರಿನ ಚಹಾ ಹರಾಜಿಗೆ ಕಳಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಹೆಂಡತಿಯನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಅತ್ತೆಗೆ ಒಪ್ಪಿಸಿ ಬಸ್ಸು ಹತ್ತಿದ. ಮಧ್ಯಾಹ್ನ ಅತ್ತೆಯ ಫೋನು ಬಂತು. ಸ್ಟೂಲಿನ ಮೇಲೆ ಕೂತು ಎಷ್ಟು ಹೀರಿದರೂ ಮರಿ ಇವರ ಮುಖ ನೋಡಿತಂತೆ, ಬಟ್ಟಲು ನೋಡಿತಂತೆ, ಹೋಗಿ ಚಪ್ಪಲಿಯ ಮೇಲೆ ಮಲಗಿತಂತೆ. ಬಾಗದವರ ಸುರ್ರ್ ಅದಕ್ಕೆ ಸುರ್ರೇ ಅಲ್ಲ. ರುಚಿಗಾರ ಫೋನನ್ನು ಬಟ್ಟಲಿನ ಪಕ್ಕ ಇಡಿಸಿ, ಹರಾಜು ಕಟ್ಟಡದ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಎದೆ ತುಂಬ ಸುರ್ರ್ ಎಂದ. ಒಳಗೆ ಯಾರೋ ಅದನ್ನು ಹರಾಜಿನ ಕೂಗೆಂದು ತಿಳಿದು ಬೆಲೆ ಏರಿಸಿದರು. ಮನೆಯಲ್ಲಿ ಚಿಟಿಕೆ ಫೋನಿನ ಹಿಂದೆ ಅಣ್ಣತಮ್ಮಂದಿರನ್ನು ಹುಡುಕಿ, ಕಾಣದೆ, ಫೋನನ್ನೇ ನೆಕ್ಕಿ ಆಫ್ ಮಾಡಿತು. ಆಮೇಲೆ ಎಷ್ಟು ಸಲ ಮಾಡಿದರೂ ಫೋನು ಹತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಬಸ್ಸಿಳಿದವನು ಓಡುತ್ತಲೇ ಬಂದ. ಮನೆಯ ಗೇಟಿಗೆ ಕಂಪನಿಯ ಕಾವಲುಗಾರನ ಸೈಕಲ್ಲು ಒರಗಿತ್ತು. ಹಿಂದಿನ ಬುಟ್ಟಿಗೆ ಮುಚ್ಚಳ ಹಾಕಿ ಹಗ್ಗ ಬಿಗಿದಿತ್ತು.  ಒಂದು ವಾರ ಸಾಕು ಎಂದು ಎದೆಯುಬ್ಬಿಸಿದ ತನ್ನ ಮೇಲೇ ಸಿಟ್ಟು ಬಂತು, ಕಣ್ಣು ತುಂಬಿತು. ಮರಿಯನ್ನು ಒಮ್ಮೆ ಮುಟ್ಟಿ ಬರೋಣವೆಂದು ಬುಟ್ಟಿಯ ಹಗ್ಗಕ್ಕೆ ಕೈ ಹಾಕಿದ.

ಆಗ ಮನೆಯೊಳಗಿಂದ ಸದ್ದು ಕೇಳಿತು. ಸುರ್ರ್.

ಅವನ ಕಿವಿ ನೆಟ್ಟಗಾಯಿತು. ಅತ್ತೆಯದಲ್ಲ. ಕಾವಲುಗಾರನದೂ ಅಲ್ಲ, ಆತ ಹಜಾರದಲ್ಲಿ ಅತ್ತೆಯ ಜೊತೆ ಚಹಾ ಕುಡಿಯುತ್ತ ಕುಳಿತಿದ್ದುದು ಬಾಗಿಲಿನಿಂದ ಕಾಣುತ್ತಿತ್ತು. ಹೊಸಬರ ಸುರ್ರ್ ಅದು. ಗಾಳಿ ಸಾಲದು, ತುದಿಯಲ್ಲಿ ನಡುಕವಿದೆ, ಆದರೆ ಎಲ್ಲೂ ಸಂಕೋಚವಿಲ್ಲ. ರುಚಿಗಾರ ತುದಿಗಾಲಲ್ಲಿ ಹೋಗಿ ಅಡುಗೆಮನೆಯ ಬಾಗಿಲು ತಳ್ಳಿದ.

ಹೆಂಡತಿ ನೆಲದ ಮೇಲೆ ಮೊಣಕೈ ಊರಿ ಬಾಗಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂತಿಗೆ ಮೂತಿ ತಾಗುವಷ್ಟು ಹತ್ತಿರದಲ್ಲಿ ಚಿಟಿಕೆ ಬಟ್ಟಲಿಗೆ ಮುಖವಿಟ್ಟು ಬಾಲ ಬಡಿಯುತ್ತ ತಿನ್ನುತ್ತಿತ್ತು. ಅವನಿಗೆ ಬುಟ್ಟಿಯ ವಿಷಯ ಕೇಳಬೇಕಿತ್ತು, ನಗಬೇಕಿತ್ತು, ಅಳಬೇಕಿತ್ತು. ಏನು ಮಾಡುವುದೆಂದು ತಿಳಿಯದೆ ಬಾಯಿ ತೆರೆದ.

"ಶ್," ಎಂದಳು ಲೈಬ್ರೇರಿಯನ್, ತುಟಿಯ ಮೇಲೆ ಬೆರಳಿಟ್ಟು. "ತಿಂತಾ ಇದೆ." ಆಮೇಲೆ ದನಿ ಇನ್ನೂ ತಗ್ಗಿಸಿ, "ಬುಟ್ಟೀಲಿರೋದು ಮಿಕ್ಕಿದ ಪ್ಯಾಕೆಟ್ಟು ರೀ, ಇದರಮ್ಮನಿಗೆ," ಎಂದಳು.

ಹೇಳಿ ಮುಗಿಸಿ ಮತ್ತೆ ಬಾಗಿದಳು. ಬಾಗುವ ಮೊದಲು ಬಟ್ಟಲಿನ ಆಚೆ ಬದಿಯ ಖಾಲಿ ಜಾಗವನ್ನು ಅವನಿಗೆ ಬೆರಳಿನಿಂದ ತೋರಿಸಿದಳು. ಅವನು ಚೀಲ ಕೆಳಗಿಟ್ಟು, ಮಂಡಿಯೂರಿದ.