ಬೋಳಿಸಿದ ತಲೆ

ಕೊರೊನಾದಿಂದ ಎರಡು ವರ್ಷ ಮುಚ್ಚಿದ್ದ ಶಾಲೆಗಳು ಆ ದಿನ ತೆರೆಯುತ್ತಿದ್ದವು. ಮಸಾಕಾ ಪೇಟೆಯ ಕ್ಷೌರದಂಗಡಿಯ ಮುಂದೆ ಬೆಳಗಿನಿಂದಲೇ ಹುಡುಗಿಯರ ಸಾಲು. ಹಾಸ್ಟೆಲಿಗೆ ಹೋಗುವವಳ ತಲೆಯಲ್ಲಿ ಕೂದಲು ಉಳಿಯುವ ಹಾಗಿಲ್ಲ.

ನಾನ್ಸಿಕೊಂಬಿಯ ಸಣ್ಣ ಸಣ್ಣ ಜಡೆಗಳು ಹೆಗಲು ದಾಟಿದ್ದವು. ವರ್ಷ ತುಂಬಿದ ಮಗು ಕಿಗ್ಗುಂಡು ರಾತ್ರಿ ಅವುಗಳಲ್ಲೊಂದನ್ನು ಹಿಡಿದರೇ ನಿದ್ದೆಹೋಗುತ್ತಿದ್ದ. ಅವನನ್ನು ಹೆತ್ತವಳು ಅವಳು. ಹೆತ್ತೆನೆಂದು ಊರಿಗೆಲ್ಲ ಹೇಳಿಕೊಂಡವಳು ಅವಳ ತಾಯಿ ನಾಲ್ವೋಗಾ. ಮಗಳು ಹೇಗಾದರೂ ಓದು ಮುಗಿಸಬೇಕು ಎಂಬುದಷ್ಟೇ ಆ ತಾಯಿಗಿದ್ದದ್ದು. ಹಾಲು ಬತ್ತಲೆಂದು ಮಗಳ ಎದೆಗೆ ಬಟ್ಟೆ ಬಿಗಿದವಳೂ ಅವಳೇ.

ಕ್ಷೌರದವನು ಜಡೆಗಳನ್ನು ಯಾರೂ ತುಳಿಯದಂತೆ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. ಮಗು ಅಜ್ಜಿಯ ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿ ಮಲಗಿಯೇ ಇತ್ತು.

ಶಾಲೆಯ ಗೇಟಿನಲ್ಲಿ ವಾರ್ಡನ್ ನಾಮಾಟೊವು ನಿಂತಿದ್ದಳು. ಹೆತ್ತ ಹುಡುಗಿಯರನ್ನೂ ಸೇರಿಸಿಕೊಳ್ಳಿ ಎಂದು ಸರ್ಕಾರ ಹೇಳಿತ್ತು. ಇದು ಸರ್ಕಾರದ ಶಾಲೆಯಲ್ಲ ಎಂದು ಅವಳು ಆಗಲೇ ಇಬ್ಬರನ್ನು ಹಾಸಿಗೆಯ ಸಮೇತ ವಾಪಸು ಕಳಿಸಿದ್ದಳು. ತಾಯಿ ಮಗಳು ಮಂಡಿಯೂರಿ ನಮಸ್ಕರಿಸಿದರು.

"ಯಾರದ್ದಮ್ಮ ಮಗು?"

"ನಂದೇ ಮೇಡಂ. ಕೊನೇದು."

"ಈ ವಯಸ್ಸಲ್ಲಾ? ಲಾಕ್‌ಡೌನ್ ಅಂತ ಮನೇಲಿ ಕೂರ್ಸಿದ್ದಕ್ಕೆ ನಿನ್ ಗಂಡಂಗೆ ಬೇರೆ ಕೆಲ್ಸ ಸಿಗ್ಲಿಲ್ಲ ಅನ್ಸುತ್ತೆ."

ಸಾಲಿನಲ್ಲಿ ನಗು ಹರಡಿತು. ಕಾವಲುಗಾರ ಓಪಿಯೊ ಮಾತ್ರ ನಗಲಿಲ್ಲ. ತನ್ನ ಸ್ಟೂಲನ್ನು ನಾಲ್ವೋಗಾಳ ಕಡೆ ಸರಿಸಿದ.

"ಅಕ್ಕನ ಕೈಗೆ ಕೊಡು ನೋಡೋಣ," ಎಂದಳು ವಾರ್ಡನ್. "ಇವಳ್ದೇ ಆಗಿದ್ರೆ ಸುಮ್ನಿರುತ್ತೆ. ಆಮೇಲೆ ಇಬ್ರನ್ನೂ ಕರ್ಕೊಂಡ್ ಹೋಗು."

ನಾಲ್ವೋಗಾ ಬಟ್ಟೆಯ ಗಂಟು ಬಿಚ್ಚಿ ಮಗುವನ್ನು ಮಗಳ ಕೈಗೆ ಕೊಟ್ಟಳು.

ಕಿಗ್ಗುಂಡು ಕಣ್ಣು ಬಿಟ್ಟ. ಎದುರಿಗೆ ಬೋಳು ತಲೆ, ಅದರ ಕೆಳಗೆ ನೀಲಿ ಮಾಸ್ಕು. ಅಭ್ಯಾಸದಂತೆ ಕೈ ಮೇಲೆ ಚಾಚಿ ಜಡೆ ಹುಡುಕಿದ. ಬೆರಳಿಗೆ ಒರಟು ಚರ್ಮ ತಾಗಿತು. ಒಮ್ಮೆಲೇ ಮುಖ ಕಿವುಚಿ, ಉಸಿರು ಕಟ್ಟುವಂತೆ ಚೀರಿದ. ಅವಳ ಎದೆಗೆ ಒದ್ದು, ಅಜ್ಜಿಯ ಕಡೆ ಎರಡೂ ಕೈ ಚಾಚಿ ಬಾಗಿದ.

ಒಂದು ಮಾತು ಸಾಕಿತ್ತು. ದಿನವೂ ಮಲಗಿಸುವಾಗ ಕಿವಿಯಲ್ಲಿ ಕರೆಯುವ ಹೆಸರನ್ನು ಮೆಲ್ಲಗೆ ಅಂದಿದ್ದರೂ ಅವನು ಗುರುತು ಹಿಡಿದು ಅವಳ ಕೊರಳಿಗೆ ಬೀಳುತ್ತಿದ್ದ. ನಾನ್ಸಿಕೊಂಬಿ ಮಾಸ್ಕಿನೊಳಗೆ ತುಟಿ ಕಚ್ಚಿಕೊಂಡು ನಿಂತಳು. ಬಿಗಿದ ಬಟ್ಟೆಯ ಕೆಳಗೆ ಎದೆ ಉರಿಯಿತು.

ವಾರ್ಡನ್ ತುಸು ಹೊತ್ತು ನೋಡುತ್ತಲೇ ಇದ್ದಳು, ಅವಸರವೇನೂ ಇಲ್ಲದವಳ ಹಾಗೆ.

"ಸರಿ, ಒಳಗ್ ಹೋಗು. ಇದಕ್ಕೆ ನಿನ್ ಮುಖಾನೇ ಆಗಲ್ಲ."

ನಾನ್ಸಿಕೊಂಬಿ ಮಗುವನ್ನು ತಾಯಿಗೆ ಕೊಟ್ಟಳು; ಜಡೆಗಳ ಪೊಟ್ಟಣವನ್ನೂ ಅದರ ಜೊತೆಗೆ. ಓಪಿಯೊ ಅವಳ ತಗಡಿನ ಪೆಟ್ಟಿಗೆಯನ್ನು ತಾನೇ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ. ಅವಳು ತಿರುಗಿ ನೋಡದೆ ಅವನ ಹಿಂದೆ ಹೋದಳು.

ಅಂಗಳದ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನ ಅಳು ನಿಂತಿತು. ಅಷ್ಟು ಬೇಗ ನಿಲ್ಲುತ್ತದೆಂದು ಅವಳು ಎಣಿಸಿರಲಿಲ್ಲ.