ಮಾವನ ಮುಖದ ಧೂಳು

ನನ್ನ ಅತ್ತೆ ಶಿವಲಿಂಗವ್ವ ಖಾನಾಪುರದ ಹಿರಿಯ ಮಗನ ಮನೆಯಿಂದ ಟಿಳಕವಾಡಿಯ ನಮ್ಮ ಮನೆಗೆ ಬಂದಾಗ, ರೈಲಿನುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು ಮಾವನ ಫೋಟೊ. ಮಾವ ಗುರುಪಾದಪ್ಪ ತೀರಿಕೊಂಡದ್ದು ನನ್ನ ಮದುವೆಗೆ ಎಷ್ಟೋ ಮೊದಲು. ನಾನು ಅವರನ್ನು ಕಂಡವಳಲ್ಲ. ಅವರದೆಂದು ಉಳಿದದ್ದು ಇದೊಂದೇ ಚಿತ್ರ. ಖಾನಾಪುರದ ಮಳೆಯ ತೇವ ಕುಡಿದು ಅದು ಚೌಕಟ್ಟಿನ ಗಾಜಿಗೇ ಅಂಟಿಕೊಂಡಿತ್ತು, ಬೂಷ್ಟು ಅಂಚಿನಿಂದ ಒಳಗೆ ಬರುತ್ತಿತ್ತು. ಇನ್ನೊಂದು ಮಳೆಗಾಲ ಕಳೆದರೆ ಗಂಡನ ಮುಖ ಉಳಿಯುವುದಿಲ್ಲವೆಂದು ಅತ್ತೆಗೆ ಹೆದರಿಕೆ.

ನಾನು ಮನೆಯಲ್ಲೇ ಹಳೆಯ ಫೋಟೊ, ಕಾಗದಪತ್ರ ಸ್ಕ್ಯಾನ್ ಮಾಡಿಕೊಡುವವಳು. ಆ ಬಗ್ಗೆ ತುಸು ಜಂಬವೂ ಇದೆ. ಫೋಟೊ ಕೀಳಲು ಹೋದರೆ ಹರಿಯುತ್ತದೆ, ಗಾಜಿನ ಸಮೇತ ಮಾಡುತ್ತೇನೆ ಎಂದೆ. ಆದರೆ ಗಾಜಿನ ಮೇಲೆ, ಮಾವನ ಹಣೆಗೆ ಸರಿಯಾಗಿ, ಅತ್ತೆ ದಿನಾ ಹಚ್ಚುವ ವಿಭೂತಿ. ಒರೆಸೋಣವೆಂದರೆ ಅವರು ಮುಖ ತಿರುಗಿಸಿದರು. ಬರಿ ಹಣೆಯಲ್ಲಿ ಗಂಡನನ್ನು ಯಂತ್ರದಲ್ಲಿ ಮಲಗಿಸಲು ಅವರಿಗೆ ಮನಸ್ಸಿರಲಿಲ್ಲ. ಅತ್ತೆಯ ಮುಂದೆ ನನ್ನ ಆಟ ನಡೆಯುವುದಿಲ್ಲ. ಹಾಗೇ ಬೋರಲು ಇಟ್ಟೆ. ವಿಭೂತಿ ಉದುರಿ ಸ್ಕ್ಯಾನರಿನ ಗಾಜಿನ ತುಂಬ ಹರಡಿತು, ಚಿತ್ರದಲ್ಲಿ ಮುಖದ ತುಂಬ ಬಿಳಿ ಚುಕ್ಕೆ.

ನಾನು ಬಿಡುತ್ತೇನೆಯೇ? ಧೂಳು, ಗೀರು ತೆಗೆಯುವ ಆಯ್ಕೆಯನ್ನು ಪೂರ್ತಿ ಏರಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಮುಖ ಬೆಣ್ಣೆಯ ಹಾಗೆ ನುಣ್ಣಗೆ ಬಂತು. ಪ್ರಿಂಟ್ ತೆಗೆದು ಅತ್ತೆಯ ಕೈಗಿಟ್ಟು, ಹೊಗಳಲಿ ಎಂದು ಪಕ್ಕದಲ್ಲೇ ಕುಳಿತೆ.

ಅತ್ತೆ ಬಹಳ ಹೊತ್ತು ನೋಡಿದರು. "ಚಂದ ಅದಾರ. ಯಾರಿವರು?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಿಮ್ಮ ಯಜಮಾನರಲ್ಲದೆ ಇನ್ನಾರು ಎಂದುಬಿಟ್ಟೆ. ಅತ್ತೆ ಬೇಸರಿಸಲಿಲ್ಲ.

"ಅವರ ಮಾರಿ ತುಂಬ ಸಿಡುಬಿನ ಕಲಿ ಇದ್ದವು, ನೇತ್ರಾ. ಅವೆಲ್ಲಿ ಹೋದವು?"

ನನ್ನ ಜಂಬ ಜರ್ರನೆ ಇಳಿಯಿತು. ಬಾಲ್ಯದಲ್ಲಿ ಬಂದ ಸಿಡುಬು ಬಿಟ್ಟುಹೋದ ಕಲೆಗಳನ್ನು ಯಂತ್ರ ಧೂಳೆಂದು ತಿಳಿದಿತ್ತು, ನಾನೂ ತಿಳಿದಿದ್ದೆ. ಅವು ಮತ್ತೆ ಬರುತ್ತವೆ, ಆದರೆ ವಿಭೂತಿ ಒರೆಸದೆ ಆಗದು ಎಂದು ಮೆಲ್ಲಗೆ ಹೇಳಿದೆ.

ಅತ್ತೆ ಚೌಕಟ್ಟನ್ನು ತೊಡೆಯ ಮೇಲೆ ಎಳೆದುಕೊಂಡರು. ಜ್ವರ ಬಂದವರ ಹಣೆ ಒರೆಸುವ ಹಾಗೆ, ಸೆರಗಿನ ತುದಿಯಿಂದ ತಾವೇ ಗಾಜು ಒರೆಸಿದರು. ನಾನು ಸ್ಕ್ಯಾನರನ್ನೂ ಒರೆಸಿ, ಚಂದಗಾಣಿಸುವ ಆಯ್ಕೆಗಳನ್ನೆಲ್ಲ ತೆಗೆದುಹಾಕಿ, ನಿಧಾನವಾಗಿ ಸ್ಕ್ಯಾನ್ ಮಾಡಿದೆ. ಗಲ್ಲದ ಮೇಲೆ, ಮೂಗಿನ ಮೇಲೆ ಕಲೆಗಳೆಲ್ಲ ಬಂದವು, ನಡುವೆ ತುಸು ನಾಚಿದ ನಗುವೂ. ಮಾವನನ್ನು ನಾನು ಮೊದಲು ಕಂಡದ್ದು ಆಗಲೇ. ನನಗೆ ಅವರು ತುಂಬ ಇಷ್ಟವಾದರು.

ಅತ್ತೆ ಹೊಸ ಪ್ರಿಂಟಿನ ಮೇಲೆ ಬೆರಳಾಡಿಸುತ್ತ ಕುಳಿತರು.

"ಮದಿವ್ಯಾಗ ಈ ಮಾರಿ ನೋಡಿ ಅತ್ತಿದ್ನಿ," ಅಂದರು. "ಈಗ ಒಂದು ಕಲಿ ಕಡಿಮಿ ಆದ್ರೂ ನನಗ ನಡಿಯೂದಿಲ್ಲ."