ಕಾದ ಹೆಂಚಿನ ಮೇಲೆ ತಟ್ಟಿದ ರೊಟ್ಟಿ

"ಕೈ ತೆಗಿಯೇ! ಲೇ, ಕೈ ತೆಗಿ!" ನಮ್ಮಮ್ಮ ಕೂಗಿದಳು.

ನನ್ನ ಹೆಂಡತಿ ಭಾರತಮ್ಮ ತೆಗೆಯಲಿಲ್ಲ. ಹೆಂಚಿನ ಮೇಲೆ ರಾಗಿ ಹಿಟ್ಟನ್ನು ಅಂಚಿನ ಕಡೆಗೆ ತಟ್ಟುತ್ತಲೇ ಇದ್ದಳು. ವಾಸನೆ ನನಗೂ ಬಂದಿತ್ತು. ಸೀದ ರಾಗಿಯ ವಾಸನೆಯಲ್ಲ ಅದು. ಅಮ್ಮ ಎದ್ದು ಅವಳ ಮೊಣಕೈ ಹಿಡಿದು ಎಳೆದಳು. ಬಲಗೈ ಕಿರುಬೆರಳಿನ ಪಕ್ಕದ ಚರ್ಮ ಹೆಂಚಿಗೇ ಅಂಟಿಕೊಂಡು ಉಳಿಯಿತು. ಭಾರತಮ್ಮ ಬೆರಳನ್ನು ನೋಡಿದಳು, ಹೆಂಚನ್ನು ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು. ಆಮೇಲೆ "ಅಬ್ಬಾ" ಎಂದಳು.

ತಡವಾಗಿ ಬಂದ ಆ "ಅಬ್ಬಾ" ಕೇಳಿದ ಕೂಡಲೇ ಅಮ್ಮ ಅವಳ ಮೊಣಕೈ ಬಿಟ್ಟಳು.

ನಮ್ಮ ಕಡೆ ರಾತ್ರಿಗೆ ಮುದ್ದೆ, ಬೆಳಗಿನ ಅವಸರಕ್ಕೆ ರೊಟ್ಟಿ. ಹಿಟ್ಟು ಹುದುಗಬೇಕಿಲ್ಲ, ನೆನೆಯಬೇಕಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ, ನುಗ್ಗೆಸೊಪ್ಪು, ಉಪ್ಪು ಹಾಕಿ ಬಿಸಿನೀರಲ್ಲಿ ಕಲಸಿ ಹೆಂಚಿನ ಮೇಲೇ ತಟ್ಟಿದರಾಯಿತು. ಕಷ್ಟವೆಲ್ಲ ಎರಡನೆಯ ರೊಟ್ಟಿಯದು. ಮೊದಲನೆಯದು ಬೇಯುವ ಹೊತ್ತಿಗೆ ಹೆಂಚು ಕಾದು ಹೋಗಿರುತ್ತದೆ. ಅದನ್ನು ಇಳಿಸಿ, ಬೆನ್ನಿಗೆ ನೀರು ಹುಯ್ದು ತಣ್ಣಗೆ ಮಾಡಿಕೊಂಡೇ ಮತ್ತೆ ತಟ್ಟಬೇಕು. ಬೆಳಿಗ್ಗೆ ಊರಿನ ಯಾವ ಮನೆಯ ಮುಂದೆ ಹಾದರೂ ಚುಂಯ್ ಎನ್ನುವ ಆ ಸದ್ದು ಕೇಳುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಎರಡು ವರ್ಷದಿಂದ ಕೇಳಿರಲಿಲ್ಲ. ಭಾರತಮ್ಮ ಕಾದ ಹೆಂಚಿನ ಮೇಲೇ ತಟ್ಟುತ್ತಿದ್ದಳು.

ಅದು ನಮಗೆ ಹೆಮ್ಮೆಯ ವಿಷಯವಾಗಿತ್ತು. "ನೀವು ಒಂದು ಮಗುಚೋದ್ರಲ್ಲಿ ನಮ್ ಸೊಸೆ ಮೂರು ತೆಗೀತಾಳೆ ಕಣ್ರೇ" ಎಂದು ಅಮ್ಮ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರನ್ನು ಹಂಗಿಸುತ್ತಿದ್ದಳು. ಲಕ್ಕೂರಿನಿಂದ ಬಂದ ಸೊಣ್ಣಪ್ಪ ಮಾವ ಒಲೆಯ ಮುಂದೆ ಕೂತು ಐದನೆಯ ರೊಟ್ಟಿ ಮುರಿಯುತ್ತಾ ಅಮ್ಮನಿಗೆ, "ಬೈರಮ್ಮಾ, ಈ ಹುಡುಗಿ ಕೈಗೆ ಕೆಂಡ ಕೊಟ್ರೂ ಎಣಿಸಿ ವಾಪಸ್ ಕೊಡ್ತಾಳೆ" ಎಂದಿದ್ದ. ಎಲ್ಲರೂ ನಕ್ಕಿದ್ದೆವು. ಭಾರತಮ್ಮನೂ ನಕ್ಕಿದ್ದಳು. ಅವಳ ಮುಂಗೈಯ ಮೇಲೆ ಒಂದು ರೂಪಾಯಿಯಷ್ಟಗಲ ಬಿಳಿಚಿದ ಮಚ್ಚೆ ಆಗಲೇ ಇತ್ತು. ಒಲೆಯ ಶಾಖಕ್ಕೆ ಆದದ್ದು ಎಂದುಕೊಂಡಿದ್ದೆವು.

ಸುಟ್ಟ ಬೆರಳಿಗೆ ಮುಲಾಮು ಹಾಕಿಸಲು ಕ್ಯಾಲನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಮಚ್ಚೆ ನೋಡಿದವರು ಬೆರಳನ್ನು ಮರೆತರು. ಮೂರನೆಯ ದಿನ ಕದಿರೇಶ್ ಎನ್ನುವ ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ನಮ್ಮ ಮನೆಗೇ ಬಂದರು. ಕುಷ್ಠರೋಗ ಹುಡುಕುವುದೇ ಅವರ ಕೆಲಸ. ನನಗಿಂತ ಚಿಕ್ಕವರು. ಅಂಗಳದಲ್ಲಿ ಬಿದ್ದಿದ್ದ ಕೋಳಿಗರಿ ಎತ್ತಿಕೊಂಡು ಭಾರತಮ್ಮನನ್ನು ಜಗಲಿಯ ಮೇಲೆ ಕೂರಿಸಿದರು.

"ಕಣ್ಣು ಮುಚ್ಕೊಳ್ಳಮ್ಮ. ನಾನು ಮುಟ್ಟಿದಾಗೆಲ್ಲ ಹೂಂ ಅನ್ನು."

ತೋಳಿಗೆ ಗರಿ ತಾಗಿದಾಗ "ಹೂಂ" ಎಂದಳು. ಮೊಣಕೈಗೆ "ಹೂಂ" ಎಂದಳು. ಗರಿ ಮಚ್ಚೆಯ ಮೇಲೆ ಓಡಾಡಿತು, ಮಣಿಕಟ್ಟಿಗೆ ಇಳಿಯಿತು, ಅಂಗೈ ಸುತ್ತಿತು, ಕಿರುಬೆರಳು, ಉಂಗುರದ ಬೆರಳು. ಭಾರತಮ್ಮ ಕಣ್ಣು ಮುಚ್ಚಿಕೊಂಡು, ಕತ್ತು ನೆಟ್ಟಗೆ ಮಾಡಿ, ಬುದ್ಧಿವಂತ ವಿದ್ಯಾರ್ಥಿನಿಯ ಹಾಗೆ ಕಾದಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು:

"ಯಾಕೆ ಸಾರ್ ನಿಲ್ಲಿಸಿಬಿಟ್ರಿ?"

ಆ ಸಂಜೆಯೇ ಅಮ್ಮ ಅವಳ ತಟ್ಟೆ, ಲೋಟ, ಚಾಪೆಗಳನ್ನು ಕೊಟ್ಟಿಗೆಯ ಪಕ್ಕದ ಚಪ್ಪರಕ್ಕೆ ಹಾಕಿದಳು. ಬೈಯಲಿಲ್ಲ. ಬೈದಿದ್ದರೆ ನಾನು ಜಗಳವಾಡಬಹುದಿತ್ತು. ಯಲ್ದೂರಿನಲ್ಲಿದ್ದ ಭಾರತಮ್ಮನ ಅಣ್ಣ ಗಂಗುಲಪ್ಪನಿಗೆ ಬಸ್ ಕಂಡಕ್ಟರ್ ಕೈಲಿ ಹೇಳಿ ಕಳಿಸಿದಳು: ಸೋಮವಾರ ಬಂದು ತಂಗಿಯನ್ನು ಕರೆದುಕೊಂಡು ಹೋಗಬೇಕು. ವಾಪಸ್ ಯಾವಾಗ ಎಂದು ಹೇಳಿ ಕಳಿಸಲಿಲ್ಲ. ನಾನೂ ಕೇಳಲಿಲ್ಲ.

ಚಪ್ಪರದಲ್ಲಿ ಭಾರತಮ್ಮ ಮೂರು ಕಲ್ಲು ಹೂಡಿ ತನಗೆ ತಾನೇ ಬೇಯಿಸಿಕೊಳ್ಳುತ್ತಿದ್ದಳು. ಶುಕ್ರವಾರ ನಾನು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ನಿಂತಾಗ ಒಂದು ರೊಟ್ಟಿ ತಂದು ಹಿಡಿದಳು.

"ಹೊಟ್ಟೆ ಸರಿಯಾಗಿಲ್ಲ" ಎಂದೆ.

ಅವಳು ಒತ್ತಾಯ ಮಾಡಲಿಲ್ಲ. ಅದನ್ನು ಹಸುವಿನ ಬಾಯಿಗೆ ಕೊಟ್ಟಳು. ಮರುದಿನ ಆ ಹಸುವಿನ ಹಾಲನ್ನು ಅಮ್ಮ ಮನೆಗೆ ಉಳಿಸಿಕೊಳ್ಳಲಿಲ್ಲ. ಪೂರ್ತಿ ಡೈರಿಗೆ ಹಾಕಿ ಬಂದಳು.

ಭಾನುವಾರ ಬೆಳಿಗ್ಗೆ ಕದಿರೇಶ್ ಮಾತ್ರೆ ಕೊಡಲು ಬಂದರು. ಚಪ್ಪರ ನೋಡಿ ಅವರಿಗೆ ಕೋಪ ಬಂತು.

"ಏನಮ್ಮಾ ಇದು? ದನದ ಜೊತೆ ಕಟ್ಟಿದೀರಲ್ಲ! ಇವರದು ಅಂಟೋ ಥರದ್ದಲ್ಲ ಅಂತ ಆವತ್ತೇ ಹೇಳಿದೀನಿ. ಮಾತ್ರೆ ನುಂಗ್ತಾ ಇದ್ರೆ ಅಲ್ಲಿಗೇ ನಿಲ್ಲುತ್ತೆ. ಮುಟ್ಟಿದ್ರೆ ಬರಲ್ಲ, ಜೊತೇಲಿ ಕೂತ್ರೆ ಬರಲ್ಲ, ಇವರು ಮಾಡಿದ್ದು ತಿಂದ್ರೆ ಬರಲ್ಲ."

"ಬಾಯಲ್ಲಿ ಎಲ್ರೂ ಹೇಳ್ತಾರೆ ನಾಯನಾ" ಎಂದಳು ಅಮ್ಮ. "ನೀನು ತಿಂತೀಯಾ?"

"ಯಾಕೆ ತಿನ್ನಬಾರ್ದು?"

"ಹಂಗಾದ್ರೆ ತಿನ್ನು. ನನ್ ಕಣ್ಮುಂದೆ ತಿನ್ನು. ಓದ್ಕೊಂಡಿರೋನು ನೀನು ಒಂದು ರೊಟ್ಟಿ ತಿಂದ್ರೆ, ಇನ್ನೊಂದು ನಾನು ತಿಂತೀನಿ. ನಾಳೆ ಅವಳಣ್ಣ ಬಂದ್ರೆ ಊಟಕ್ಕಿಕ್ಕಿ ಬಸ್ ಹತ್ತಿಸ್ತೀನಿ. ಇವ್ಳು ಇಲ್ಲೇ ಇರ್ಲಿ, ಒಲೆ ಮುಂದೇನೇ ಇರ್ಲಿ."

ಅಮ್ಮನ ದನಿಯಲ್ಲಿ ಸವಾಲಿಗಿಂತ ಆಸೆ ಹೆಚ್ಚಿತ್ತು. ಅವಳು ನನ್ನ ಕಡೆ ತಿರುಗಿ ನೀನು ತಿನ್ನು ಎನ್ನುತ್ತಾಳೇನೋ ಎಂದು ಹೆದರಿ ನಾನು ಸೈಕಲ್ಲಿನ ಚಕ್ರ ನೋಡುತ್ತಾ ನಿಂತೆ. ಅವಳು ತಿರುಗಲಿಲ್ಲ.

ಭಾರತಮ್ಮ ಅಡಿಗೆಮನೆಗೆ ಓಡಿದಳು. ಓಡಿದವಳು ವಾಪಸ್ ಬಂದು ಅಂಗಳದಲ್ಲಿ, ಇನ್‌ಸ್ಪೆಕ್ಟರಿಗೆ ಕಾಣುವ ಹಾಗೆ, ಸೋಪು ಹಾಕಿ ಎರಡೆರಡು ಸಲ ಕೈ ತೊಳೆದಳು. ಬಟ್ಟೆ ಸುತ್ತಿದ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯಲ್ಲಿ ಹಿಟ್ಟು ಕಲಸಿದಳು. ಮೊದಲೆಲ್ಲ ಹಾಡು ಹೇಳಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಈಗ ಅವಳ ಹಣೆಯ ಮೇಲೆ ಬೆವರು. ಹೆಂಚಿನ ಹತ್ತಿರ ಕೈ ಒಯ್ದು, ತಡೆದು, ನನ್ನನ್ನು ಕರೆದಳು.

"ಇಲ್ಲಿ ನೋಡಿ. ಇದು ಕಾದೈತಾ?"

ಬೆರಳು ತಾಗಿಸಿ ನೋಡಿದೆ. ಸುಟ್ಟಿತು. "ಕಾದೈತೆ" ಎಂದೆ. ಅವಳು ಹೆಂಚು ಇಳಿಸಿ ನೀರು ಹುಯ್ದಳು. ಮತ್ತೆ ಕೇಳಿದಳು. ಈಗ ಪರವಾಗಿಲ್ಲ ಎಂದೆ. ಎಡಗೈಯಲ್ಲಿ ತಟ್ಟಿದ ರೊಟ್ಟಿ ದುಂಡಗೆ ಬರಲಿಲ್ಲ, ಒಂದು ಕಡೆ ದಪ್ಪವಾಯಿತು. ಆದರೂ ಸೀಯಲಿಲ್ಲ. ಎರಡು ಮಾಡಿದಳು.

ಸ್ಟೀಲ್ ತಟ್ಟೆಯಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಣ್ಣೆ. ಅಮ್ಮ ಆಗಲೇ ತನ್ನ ತಟ್ಟೆ ತಂದು ಇನ್‌ಸ್ಪೆಕ್ಟರ ಎದುರಿಗೆ ಚಕ್ಕಲಮುಕ್ಕಲ ಹಾಕಿ ಕೂತಿದ್ದಳು. ಒಂದು ರೊಟ್ಟಿ ಅವಳ ತಟ್ಟೆಯಲ್ಲೂ ಇತ್ತು. ಅವಳು ಅದನ್ನು ಮುಟ್ಟದೆ ಅವರ ಕೈಯನ್ನೇ ನೋಡುತ್ತಿದ್ದಳು.

ರೊಟ್ಟಿಯ ಮೇಲೆ ಭಾರತಮ್ಮನ ನಾಲ್ಕು ಬೆರಳುಗಳ ಗುರುತು ಮೂಡಿತ್ತು. ಕದಿರೇಶ್ ಅದನ್ನು ನೋಡಿದರು. ಗಡಿಯಾರ ನೋಡಿಕೊಂಡರು. ಮತ್ತೆ ರೊಟ್ಟಿ ನೋಡಿದರು.

"ಕೋಲಾರದಲ್ಲೇ ತಿಂಡಿ ಆಯ್ತು" ಎಂದರು.

"ಒಂದು ರೊಟ್ಟಿ ಎಷ್ಟಾಯ್ತು ಬಿಡಪ್ಪ, ವಯಸ್ಸಿನ ಹುಡುಗ" ಎಂದಳು ಅಮ್ಮ.

"ಇಲ್ಲಮ್ಮ, ಹೊಟ್ಟೆ ತುಂಬಿದೆ. ಇನ್ನೂ ನಾಲ್ಕು ಮನೆಗೆ ಹೋಗ್ಬೇಕು."

ಭಾರತಮ್ಮ ಮೊಣಕಾಲೂರಿ ಕೂತು, ರೊಟ್ಟಿಯ ಅಂಚಿನಿಂದ ಹುಣಿಸೆಬೀಜದಷ್ಟು ಮುರಿದು, ಬೆಣ್ಣೆ ಸವರಿ, ಅವರ ಮುಂದೆ ಹಿಡಿದಳು.

"ಪೂರ್ತಿ ಬೇಡ ಸಾರ್. ಇಷ್ಟು ಸಾಕು. ಅತ್ತಮ್ಮ ನೋಡ್ಲಿ ಅಂತ."

ಅವರು ಎದ್ದು ನಿಂತು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು.

"ಬೇಡ" ಎಂದರು. "ನನಗೆ ಬೇಡ."